ಇಪ್ಪತ್ತೈದರ ಮಗ್ಗಿ ಬರುವ ಮಕ್ಕಳು

ಬೀಡಿ ಕಟ್ಟುವ ಮನೆಯ ಮಕ್ಕಳಿಗೆ ಏಳರ ಮಗ್ಗಿ ಬಾರದಿದ್ದರೂ ಇಪ್ಪತ್ತೈದರದ್ದು ಬರುತ್ತದೆ. ಒಂದು ಕಟ್ಟಿಗೆ 25 ಬೀಡಿ, ನಲವತ್ತು ಕಟ್ಟಾದರೆ ಸಾವಿರ, ಸಾವಿರಕ್ಕೆ ಇಷ್ಟು ಮಜೂರಿ. ಅಮ್ಮ ಬೀಡಿ ಬ್ರಾಂಚಿಗೆ ಹೊರಡುವ ಮೊದಲು ಕಟ್ಟು ಎಣಿಸುವಾಗ ಪಕ್ಕದಲ್ಲಿ ಕೂತ ನಾಲ್ಕನೇ ಕ್ಲಾಸಿನ ಹುಡುಗ, "ಎಂಟು ಕಟ್ಟಿಗೆ ಇನ್ನೂರು" ಅಂತ ಥಟ್ಟನೆ ಹೇಳುತ್ತಾನೆ. ಅದೇ ಹುಡುಗನಿಗೆ ಸ್ಲೇಟಿನಲ್ಲಿ 25 × 8 ಬರೆದುಕೊಟ್ಟರೆ ಬಳಪ ಕಚ್ಚುತ್ತಾ ಕೂರುತ್ತಾನೆ. ಬಾಯಿಗೆ ಬಂದದ್ದು ಸ್ಲೇಟಿಗೆ ಯಾಕೆ ಇಳಿಯುವುದಿಲ್ಲ ಎಂದು ಹುಡುಕುವುದರಲ್ಲೇ ಮಂಗಳೂರಿನ ಬೋಳಾರದ ನಮ್ಮ ಸಂಜೆ ಪಾಠದ ಬಹುಪಾಲು ಸಮಯ ಹೋಗಿದೆ.

ನಾನು ಶಿಕ್ಷಕಿಯಲ್ಲ, ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದವಳು. ಬ್ಯಾಂಕುಗಳ ಊರಾದ ಮಂಗಳೂರಿನಲ್ಲಿ ಇದೇನೂ ಅಪರೂಪವಲ್ಲ. 2020ರ ಆಗಸ್ಟಿನಲ್ಲಿ, ಶಾಲೆಗಳೆಲ್ಲ ಮುಚ್ಚಿದ್ದಾಗ, ಸರಕಾರ 'ವಿದ್ಯಾಗಮ' ಶುರುಮಾಡಿತು. ಮಕ್ಕಳಿದ್ದಲ್ಲಿಗೆ ಶಿಕ್ಷಕರೇ ಹೋಗಿ ಜಗಲಿಯಲ್ಲೋ ಮರದಡಿಯಲ್ಲೋ ಪಾಠ ಮಾಡುವ ಕಾರ್ಯಕ್ರಮ. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಆದರೆ ಜಗಲಿಯಲ್ಲಿ ಕೂತು ಅಭ್ಯಾಸವಾಗಿದ್ದ ಮಕ್ಕಳು ಎದ್ದು ಹೋಗಲಿಲ್ಲ, ಅವರ ಜೊತೆ ನಾವೂ ಕೂತೆವು. ಆಮೇಲೆ ಶಾಲೆ ತೆರೆದರೂ ಅಂಗನವಾಡಿಯ ಜಗಲಿಯಲ್ಲಿ ಸಂಜೆ ಕೂರುವುದು ಹಾಗೆಯೇ ಉಳಿಯಿತು.

ಬರುವವರಲ್ಲಿ ತುಳು ಮನೆಯವರು, ಬ್ಯಾರಿ ಮನೆಯವರು, ಕೊಂಕಣಿಯವರು ಎಲ್ಲ ಇದ್ದಾರೆ. ಗಾರೆ ಕೆಲಸಕ್ಕೆ ಬಂದ ಬಾಗಲಕೋಟೆ, ಗದಗದ ಕಡೆಯವರ ಮಕ್ಕಳೂ ಇದ್ದಾರೆ. ಆದರೆ ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಒಂದೇ ಕಡೆ, ನಾಲ್ಕನೇ ಕ್ಲಾಸಿನಲ್ಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ಪದ್ಧತಿ ಈಗ ಸರಕಾರಿ ಶಾಲೆಗಳಲ್ಲಿ ಮೂರನೇ ಕ್ಲಾಸಿನ ತನಕ ಇದೆ. ಅಲ್ಲಿ ಮಗು ಕಾರ್ಡು ಹಿಡಿದು ತನ್ನ ವೇಗದಲ್ಲಿ ಕಲಿಕೆಯ ಏಣಿ ಹತ್ತುತ್ತದೆ. ನಾಲ್ಕಕ್ಕೆ ಬಂದ ಕೂಡಲೇ ಏಣಿಯೂ ಇಲ್ಲ, ಕಾರ್ಡೂ ಇಲ್ಲ. ಪುಟ ತುಂಬ ಅಕ್ಷರವಿರುವ ಪಠ್ಯಪುಸ್ತಕ, ಎಲ್ಲರೂ ಒಟ್ಟಿಗೆ ಓಡಬೇಕು. ಏಣಿಯ ನಡುವಿನಲ್ಲೇ ಉಳಿದಿದ್ದ ಮಗು ಈಗ ಎಲ್ಲರ ಕಣ್ಣಿಗೆ ಬೀಳುತ್ತದೆ. ಹೆತ್ತವರು ಗಾಬರಿಯಾಗಿ ಟ್ಯೂಷನ್ ಹುಡುಕುತ್ತಾರೆ. ಟ್ಯೂಷನಿನಲ್ಲಿ ಸಿಗುವುದು ಇನ್ನಷ್ಟು ಕಾಪಿ ಬರೆಯುವ ಕೆಲಸ. ಚಂದದ ಅಕ್ಷರದಲ್ಲಿ ಹತ್ತು ಸಲ ಬರೆದ ವಾಕ್ಯವನ್ನು ಓದಲಾರದ ಮಕ್ಕಳನ್ನು ನಾನು ಕಂಡಿದ್ದೇನೆ.

ಹಾಗಾಗಿ ನಾವು ಕ್ಲಾಸಿನ ಲೆಕ್ಕ ಬಿಟ್ಟು ಓದಿನ ಮಟ್ಟ ನೋಡಿ ಕೂರಿಸಿದೆವು: ಅಕ್ಷರ ಗುರುತಿಸುವವರು, ಪದ ಓದುವವರು, ನಾಲ್ಕು ಸಾಲಿನ ಪ್ಯಾರಾ ಓದುವವರು, ಕಥೆ ಓದುವವರು. ಇದು ನನ್ನ ಶೋಧವೇನಲ್ಲ. 'ಪ್ರಥಮ್' ಸಂಸ್ಥೆಯವರು ದೇಶದುದ್ದಕ್ಕೂ ಬಳಸಿದ ಕ್ರಮ, ನಾಲ್ಕು ಮತ್ತು ಐದನೇ ಕ್ಲಾಸಿಗೆ ಬಂದ 'ಓದು ಕರ್ನಾಟಕ' ಕಾರ್ಯಕ್ರಮದಲ್ಲೂ ಇರುವುದು ಅದೇ. ಕಷ್ಟ ಇರುವುದು ಐದನೇ ಕ್ಲಾಸಿನ ಉದ್ದದ ಹುಡುಗನನ್ನು ಎರಡನೇ ಕ್ಲಾಸಿನ ಮಕ್ಕಳ ಸಾಲಿನಲ್ಲಿ ಕೂರಿಸುವುದರಲ್ಲಿ. ನಾಚಿಕೆಯಿಂದ ಮಾರನೇ ದಿನ ಅವನು ಬರುವುದೇ ಇಲ್ಲ. ಅವನಿಗೊಂದು ಹುದ್ದೆ ಕೊಟ್ಟೆವು. ಚಿಕ್ಕವರಿಗೆ ಕಥೆ ಓದಿಹೇಳುವವನು ಅವನೇ, ಹಾಗಾಗಿ ಮುಂಚೆ ಮೂಲೆಯಲ್ಲಿ ಕೂತು ಅಭ್ಯಾಸ ಮಾಡಿಕೊಳ್ಳಬೇಕು. ಕಥೆ ಚಿಕ್ಕವರದ್ದೇ ಆದರೂ ಈಗ ಅದನ್ನು ಓದುವುದರಲ್ಲಿ ಅವಮಾನವಿಲ್ಲ.

ಇನ್ನು ಮನೆ. "ನನಗೆ ಓದ್ಲಿಕ್ಕೆ ಬರುದಿಲ್ಲ ಟೀಚರೇ, ನಾನೆಂತ ಹೇಳಿಕೊಡುದು?" ಎಂದು ಕೇಳದ ತಾಯಂದಿರು ಕಡಿಮೆ. ಹೇಳಿಕೊಡುವುದು ಬೇಡ, ಕೇಳಿಸಿಕೊಳ್ಳಿ ಎನ್ನುತ್ತೇನೆ. ಮಗು ಇಲ್ಲಿ ಕನ್ನಡದಲ್ಲಿ ಓದಿದ ಕಥೆಯನ್ನು ಮನೆಯಲ್ಲಿ ತುಳುವಿನಲ್ಲೋ ಬ್ಯಾರಿಯಲ್ಲೋ ಹೇಳಬೇಕು. ಅಮ್ಮ ಬೀಡಿ ಕಟ್ಟುತ್ತಲೇ ಕೇಳಬಹುದು, ಕೈಗೆ ತೊಂದರೆಯಿಲ್ಲ. ಬರೇ ಅಕ್ಷರ ಓದಿದವನಿಗೆ ಹೀಗೆ ತಿರುಗಿಸಿ ಹೇಳಲು ಬರುವುದಿಲ್ಲ, ಅರ್ಥವಾದವನಿಗೆ ಬರುತ್ತದೆ. ಅಮ್ಮ ನಡುವೆ "ಮತ್ತೆ ಎಂತಾಯ್ತು?" ಎಂದು ಕೇಳಿದರೆ ಸಾಕು. ಉತ್ತರ ಗೊತ್ತಿಲ್ಲದ ಮಗು ಮಾರನೇ ಸಂಜೆ ಬಂದು ಪುಸ್ತಕ ತೆರೆಯುತ್ತದೆ. ಓದಿನ ವಿಚಾರದಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಇದುವರೆಗೆ ಸಿಕ್ಕಿಲ್ಲ.

ಲೆಕ್ಕಕ್ಕೂ ಮನೆಯಿಂದಲೇ ದಾರಿ ಸಿಕ್ಕಿತು. 25 × 8 ಎಂಬಲ್ಲಿ ಎಂಟು ಕಟ್ಟುಗಳ ಚಿತ್ರ ಬರೆಸಿದೆವು, ಆಮೇಲೆ ಚಿತ್ರ ತೆಗೆದು ಅಂಕಿ ಮಾತ್ರ ಉಳಿಸಿದೆವು. ಬ್ರಾಂಚಿನವರು ಸರಿಯಿಲ್ಲವೆಂದು ಬದಿಗೆ ಹಾಕಿದ ಬೀಡಿಗಳು ಕಳೆಯುವ ಲೆಕ್ಕಕ್ಕೆ ಬಂದವು. ಏಳರ ಮಗ್ಗಿಗೆ ಕ್ಯಾಲೆಂಡರಿನ ವಾರಗಳು. ಒಂದು ವಿಷಯ ಮಾತ್ರ ಮೊದಲೇ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದೆ. ಮಕ್ಕಳು ಎಣಿಸಲಿ, ಕಟ್ಟುವುದು ಬೇಡ, ಹೊಗೆಸೊಪ್ಪಿನ ಧೂಳಿನಲ್ಲಿ ಕೂರುವುದೂ ಬೇಡ. ಕೆಲವು ಮನೆಗಳಲ್ಲಿ ಇದಕ್ಕೆ ಮುಖ ಸಿಂಡರಿಸಿದರು. ತಪ್ಪಿಲ್ಲ, ಸಂಜೆಯ ಆ ಒಂದು ಗಂಟೆಗೆ ಮನೆಯ ಲೆಕ್ಕದಲ್ಲಿ ಬೆಲೆಯಿದೆ. 1897ರಲ್ಲಿ ಇದೇ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ಕುದ್ಮುಲ್ ರಂಗರಾಯರು, ದಲಿತ ಮಕ್ಕಳು ಶಾಲೆ ತಪ್ಪಿಸದಿರಲೆಂದು ದಿನಕ್ಕೆ ಎರಡು ಪೈಸೆ ಕೊಡುತ್ತಿದ್ದರಂತೆ. ಬಡಮನೆಯ ಲೆಕ್ಕ ಅವರಿಗೆ ತಿಳಿದಿತ್ತು.

ಮಳೆ ರಜೆಯ ಬಗ್ಗೆಯೂ ಹೇಳಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು. ಜುಲೈಯಲ್ಲಿ ಜಿಲ್ಲಾಧಿಕಾರಿಗಳು ರಜೆ ಕೊಟ್ಟರೆಂದರೆ ಮಕ್ಕಳ ಕೈಗೆ ಮೊಬೈಲು. ನೆಟ್ಟಗಿನ ಡಬ್ಬವೊಂದನ್ನು ಅಂಗಳದಲ್ಲಿಟ್ಟು ಸ್ಕೇಲಿನಲ್ಲಿ ನೀರು ಅಳೆದು ಬರೆಯಲು ಹೇಳಿದೆವು. ಮಾರನೇ ದಿನದ ಪೇಪರಿನ ಮಳೆ ಲೆಕ್ಕದ ಜೊತೆ ಹೋಲಿಸಿ ಜಗಳವಾಡುವುದೇ ಅವರಿಗೆ ಆಟ. ದಶಮಾಂಶ ಬಿಂದುವಿಗೆ ಹೆದರದ ಮಕ್ಕಳು ನಮ್ಮಲ್ಲಿರುವುದು ಆ ಡಬ್ಬದಿಂದ.

ಮಕ್ಕಳನ್ನು ಪಿಲಿಕುಳ ನಿಸರ್ಗಧಾಮಕ್ಕೂ ಕರೆದೊಯ್ದಿದ್ದೇವೆ. ವಿಜ್ಞಾನ ಕೇಂದ್ರ, 2018ರಲ್ಲಿ ತೆರೆದ ಸ್ವಾಮಿ ವಿವೇಕಾನಂದ ತಾರಾಲಯ, ತುಳುನಾಡಿನ ಹಳೇ ಮಾದರಿಯ ಗುತ್ತಿನ ಮನೆ ಎಲ್ಲ ಅಲ್ಲೇ ಇದೆ. ಬರೇ ತೋರಿಸಿ ತಂದರೆ ನೆನಪುಳಿಯುವುದು ಐಸ್‌ಕ್ಯಾಂಡಿ ಮಾತ್ರ. ಹೊರಡುವ ಮೊದಲು ಪ್ರತಿಯೊಬ್ಬರೂ ಒಂದು ಪ್ರಶ್ನೆ ಚೀಟಿಯಲ್ಲಿ ಬರೆಯಬೇಕು, ಉತ್ತರವನ್ನು ಮನೆಯಲ್ಲಿ ಹೇಳಬೇಕು ಎಂದ ಮೇಲೆ ಅಲ್ಲಿ ನಿಂತು ನೋಡತೊಡಗಿದರು. ಗುತ್ತಿನ ಮನೆಯ ಹಳೆ ಸಾಮಾನುಗಳ ಬಗ್ಗೆ ನಮಗಿಂತ ಅವರ ಅಜ್ಜಿಯಂದಿರಿಗೇ ಹೆಚ್ಚು ಗೊತ್ತಿತ್ತು. ಒಬ್ಬ ಅಜ್ಜಿ ಜಗಲಿಗೇ ಬಂದು ಪಾಠ ಮಾಡಿಹೋದರು.

ಕನ್ನಡ ಕಲಿಸಲು ನಾನು ಪಡುವ ಪಾಡಿಗಿಂತ ಯಕ್ಷಗಾನವೇ ಹೆಚ್ಚು ಕೆಲಸ ಮಾಡಿದೆ ಎಂಬುದನ್ನೂ ಒಪ್ಪಬೇಕು. ಅಜ್ಜನ ಜೊತೆ ಮೇಳದ ಆಟಕ್ಕೆ ಹೋಗುವ ಹುಡುಗ ಮರುದಿನ ತೂಕಡಿಸುತ್ತಾನೆ ನಿಜ. ಆದರೆ ಎದ್ದಾಗ ಅವನಾಡುವ ಕನ್ನಡದಲ್ಲಿ ಒಂದೂ ಇಂಗ್ಲಿಷ್ ಪದವಿರುವುದಿಲ್ಲ, ಪೆನ್ಸಿಲು ಕೇಳಿದರೂ "ಎಲವೋ" ಎಂದೇ ಶುರು.

ಬಗೆಹರಿಯದೇ ಉಳಿದದ್ದು ಗಾರೆ ಕೆಲಸದವರ ಮಕ್ಕಳ ಸಮಸ್ಯೆ. ಕಟ್ಟಡ ಮುಗಿದರೆ ವರ್ಷದ ನಡುವೆಯೇ ಹೊರಟುಬಿಡುತ್ತಾರೆ. ಈಗ ಮಗು ಬಂದ ವಾರವೇ ಒಂದು ಹಾಳೆ ತೆರೆಯುತ್ತೇವೆ. ಓದು ಎಲ್ಲಿಗೆ ಬಂದಿದೆ, ಯಾವ ಲೆಕ್ಕ ಬಾಯಲ್ಲಿ ಬರುತ್ತದೆ, ಯಾವುದು ಬರವಣಿಗೆಯಲ್ಲಿ ತಪ್ಪುತ್ತದೆ ಎಂದು ತಿಂಗಳಿಗೊಮ್ಮೆ ಬರೆದು, ಅದರ ಫೋಟೋವನ್ನು ಅಪ್ಪನ ಮೊಬೈಲಿನಲ್ಲಿ ಉಳಿಸುತ್ತೇವೆ. ಹೋದ ಊರಿನ ಶಾಲೆಯಲ್ಲಿ ಯಾರಾದರೂ ಅದನ್ನು ಕೇಳಿ ನೋಡಿದರೆ ಮಗು ಮತ್ತೆ ಅಕ್ಷರದಿಂದ ಶುರುಮಾಡಬೇಕಾಗಿಲ್ಲ. ಹಾಗೆ ಒಬ್ಬ ಹುಡುಗಿಯ ಹಾಳೆ ನೋಡಿದ ಮೇಷ್ಟ್ರೊಬ್ಬರು ಬಾದಾಮಿಯ ಕಡೆಯಿಂದ ಫೋನ್ ಮಾಡಿ, ಇಪ್ಪತ್ತೈದರ ಮಗ್ಗಿ ಇವಳಿಗೆ ಯಾರು ಕಲಿಸಿದ್ದೆಂದು ಕೇಳಿದರು. ಪಕ್ಕದ ಮನೆಯ ಬೀಡಿ ಕಟ್ಟುವ ಅಕ್ಕ ಎಂದೆ.