ಮಾರ್ಕ್ಸಿಗಿಂತ ಮೊದಲು ಹುಟ್ಟಿದ ತಾರೀಖು ನೋಡಿ

2025ರ ಮೇ ತಿಂಗಳು. ಕುಷ್ಟಗಿ ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಸಿಕ್ಕವರು ದಾಳಿಂಬೆ ತೋಟದ ರೈತರು. ಪರಿಚಯದವರೇ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಪಕ್ಕದಲ್ಲಿ ಏಳನೇ ತರಗತಿ ಮುಗಿಸಿದ ಮಗಳು.

‘ಸರ, ಈಕಿ ಹತ್ತನೇತ್ತಾ ಗಣಿತ ಎರಡ್ ಸಲ ಮುಗಿಸ್ಯಾಳ್ರೀ. ಸಾಲಿಗೆ ಹೋಗಿ ಸುಮ್ನ ಕುಂದ್ರೂದ್ಯಾಕ? ಮನ್ಯಾಗ ಓದ್ಸಿ, ಲಗೂನ ಪರೀಕ್ಷಾ ಬರಸಿಬಿಡೂಣೇನ್ರಿ?’

‘ಹುಟ್ಟಿದ್ದು ಯಾವಾಗ್ರೀ?’

‘ಜೂನ್ ಒಂದು.’

ನನಗೆ ನಗು ಬಂತು. ನಮ್ಮ ಕಡೆ ಅರ್ಧ ಊರು ಜೂನ್ ಒಂದಕ್ಕೇ ಹುಟ್ಟಿದೆ. ಶಾಲೆಗೆ ಸೇರಿಸುವಾಗ ತಾರೀಖು ನೆನಪಿಲ್ಲ ಅಂದರೆ ಮೇಷ್ಟ್ರು ಬರೆದುಕೊಳ್ಳುತ್ತಿದ್ದ ತಾರೀಖು ಅದು. ‘ಖರೇ ಹುಟ್ಟಿದ್ದು ಹೇಳ್ರಿ’ ಅಂದೆ. ‘ದೀಪಾವಳಿ ಮುಂದ’ ಅಂದರು. ಕವರಿನಿಂದ ಜನನ ಪ್ರಮಾಣಪತ್ರ ತೆಗೆದು ನೋಡಿದರೆ 2012ರ ನವೆಂಬರ್ 9.

ಹುಡುಗಿ ಜಾಣೆಯೋ ಅಲ್ಲವೋ ಎಂಬ ಪ್ರಶ್ನೆ ಅಲ್ಲಿಗೆ ಹಿಂದೆ ಸರಿಯಿತು. ನಮ್ಮಲ್ಲಿ ಹತ್ತನೆಯದನ್ನು ಬೇಗ ಮುಗಿಸಬಹುದೋ ಇಲ್ಲವೋ ಎಂಬುದನ್ನು ಮೊದಲು ತೀರ್ಮಾನಿಸುವುದು ಹುಟ್ಟಿದ ತಾರೀಖು. ಅಮೆರಿಕದಲ್ಲಿರುವ ಅಣ್ಣನ ಮಗ ಮನೆಯಲ್ಲೇ ಓದಿ ಹದಿನೈದಕ್ಕೆ ಹೈಸ್ಕೂಲು ಮುಗಿಸಿದ ಎಂಬ ಸುದ್ದಿ ವಾಟ್ಸ್‌ಆ್ಯಪಿನಲ್ಲಿ ಬಂದಿರುತ್ತದೆ. ಅಲ್ಲಿನ ಎಷ್ಟೋ ರಾಜ್ಯಗಳಲ್ಲಿ ಮನೆಪಾಠದ ಮಕ್ಕಳ ಅಂಕಪಟ್ಟಿಯನ್ನು ತಂದೆತಾಯಿಯೇ ಬರೆದುಕೊಡುತ್ತಾರೆ. ಇಲ್ಲಿ ಮನೆಯಲ್ಲಿ ಎಷ್ಟು ಓದಿಸಿದರೂ ಕಡೆಗೆ ಒಂದು ಮಂಡಳಿಯ ಪರೀಕ್ಷೆಗೆ ಕೂರಲೇಬೇಕು, ಆ ಮಂಡಳಿ ಮೊದಲು ಕೇಳುವುದೇ ವಯಸ್ಸು. ‘ತಥಾಗತ್ ತುಳಸಿ ಒಂಬತ್ತಕ್ಕೇ ಹೈಸ್ಕೂಲು ಮುಗಿಸಲಿಲ್ಲವೇ’ ಎಂದು ಕೇಳುವವರಿದ್ದಾರೆ. ಹೌದು, ಬಿಹಾರದ ಆ ಹುಡುಗ ಹನ್ನೆರಡಕ್ಕೆ ಎಂಎಸ್ಸಿ ಮುಗಿಸಿ, 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಪಿಎಚ್‌ಡಿ ಪಡೆದಾಗ ವಯಸ್ಸು 21. ಅದು ದೇಶಕ್ಕೇ ಒಂದು ಎನ್ನುವಂಥ ಪ್ರಕರಣ. ಅದನ್ನು ಹಿಡಿದುಕೊಂಡು ಯಲಬುರ್ಗಾದಲ್ಲಿ ಅರ್ಜಿ ತುಂಬಲಾಗದು.

ಮೊದಲು ಲೆಕ್ಕ

ನಮ್ಮ ಮುಂದೆ ಇರುವ ಹಾದಿ ಮುಖ್ಯವಾಗಿ ಎರಡು. ಒಂದು, ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಎಸ್ಸೆಸ್ಸೆಲ್ಸಿಗೆ ಖಾಸಗಿ ಅಭ್ಯರ್ಥಿಯಾಗಿ ಕೂರುವುದು. ಇದಕ್ಕೆ 15 ವರ್ಷ ತುಂಬಿರಬೇಕು. ಶಾಲೆಗೆ ಹೋಗುವ ಮಕ್ಕಳೂ ಹೆಚ್ಚುಕಡಿಮೆ ಅದೇ ವಯಸ್ಸಿಗೆ ಬರೆಯುವುದರಿಂದ ಇಲ್ಲಿ ಉಳಿತಾಯ ಸೊನ್ನೆ. ಇದು ಶಾಲೆ ತಪ್ಪಿದವರಿಗೆ ಇರುವ ಹಾದಿ, ಮುಂದೆ ಓಡುವವರಿಗಲ್ಲ.

ಎರಡನೆಯದು ಎನ್‌ಐಓಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ. 1989ರಿಂದ ಇರುವ ಕೇಂದ್ರ ಸರ್ಕಾರದ ಮಂಡಳಿ. ಹತ್ತನೆಯದಕ್ಕೆ ನೋಂದಾಯಿಸಲು 14 ವರ್ಷ ತುಂಬಿದ್ದರೆ ಸಾಕು, ಹನ್ನೆರಡನೆಯದಕ್ಕೆ 15. ಪರೀಕ್ಷೆ ವರ್ಷಕ್ಕೆ ಎರಡು ಸಲ: ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್. ಏಪ್ರಿಲ್ ಪರೀಕ್ಷೆಯ ಗುಂಪಿಗೆ ಹಿಂದಿನ ವರ್ಷದ ಜುಲೈ 31ಕ್ಕೆ, ಅಕ್ಟೋಬರ್ ಗುಂಪಿಗೆ ಅದೇ ವರ್ಷದ ಜನವರಿ 31ಕ್ಕೆ ವಯಸ್ಸು ತುಂಬಿರಬೇಕು. ಹತ್ತನೆಯದು ಪಾಸಾದ ಮೇಲೆ ಎರಡು ವರ್ಷದ ಅಂತರ ಇಲ್ಲದೆ ಹನ್ನೆರಡನೆಯದರ ಸರ್ಟಿಫಿಕೇಟು ಸಿಗುವುದಿಲ್ಲ. ಒಂದು ವರ್ಷಕ್ಕೆ ನಾಲ್ಕು ವಿಷಯ ಬರೆದುಕೊಳ್ಳಬಹುದು, ಐದನೆಯದಕ್ಕೆ ಕಾಯಬೇಕು. ಮಗು ಎಷ್ಟೇ ಚುರುಕಾಗಿರಲಿ, ಈ ಎರಡು ವರ್ಷ ಕರಗದು.

ಈಗ ಒಂದು ಹಾಳೆ ತೆಗೆದುಕೊಳ್ಳಿ. 2012ರ ಜುಲೈ 20ಕ್ಕೆ ಹುಟ್ಟಿದ ಮಗು ಎಂದುಕೊಳ್ಳೋಣ. 2026ರ ಜುಲೈ 31ರೊಳಗೆ 14 ತುಂಬುತ್ತದೆ. 2027ರ ಏಪ್ರಿಲ್‌ನಲ್ಲಿ ಹತ್ತನೆಯದು, 2029ರ ಏಪ್ರಿಲ್‌ನಲ್ಲಿ ಹನ್ನೆರಡನೆಯದು. 2018ರ ಜೂನ್‌ನಲ್ಲಿ ಜೊತೆಯಲ್ಲೇ ಒಂದನೇ ತರಗತಿಗೆ ಸೇರಿದ ಗೆಳೆಯರು ಪಿಯುಸಿ ಮುಗಿಸುವುದು 2030ಕ್ಕೆ. ಪೂರಾ ಒಂದು ವರ್ಷ ಉಳಿಯಿತು.

ಅದೇ ಮಗು ತಿಂಗಳು ತಡವಾಗಿ, ಆಗಸ್ಟ್ 20ಕ್ಕೆ ಹುಟ್ಟಿದ್ದರೆ? ಜುಲೈ ಗಡಿ ತಪ್ಪಿತು. 2027ರ ಅಕ್ಟೋಬರ್‌ನಲ್ಲಿ ಹತ್ತನೆಯದು, 2029ರ ಅಕ್ಟೋಬರ್‌ನಲ್ಲಿ ಹನ್ನೆರಡನೆಯದು. ಫಲಿತಾಂಶ ಬರುವ ಹೊತ್ತಿಗೆ ಆ ವರ್ಷದ ಕಾಲೇಜುಗಳೆಲ್ಲ ಶುರುವಾಗಿರುತ್ತವೆ. ಮುಂದಿನ ಪ್ರವೇಶ 2030ರಲ್ಲಿ, ಗೆಳೆಯರ ಜೊತೆಗೇ. ಇಷ್ಟೆಲ್ಲ ಒದ್ದಾಡಿ ಗಿಟ್ಟಿಸಿದ್ದು ಏನೂ ಇಲ್ಲ. ಜೆರಾಕ್ಸ್ ಅಂಗಡಿಯ ಹುಡುಗಿಯ ಕತೆಯೂ ಇದೇ. ಶಾಲೆಯ ಜೂನ್ ಒಂದನ್ನು ನಂಬಿದರೆ ಒಂದು ವರ್ಷ ಲಾಭ, ನವೆಂಬರ್ ಒಂಬತ್ತನ್ನು ಹಿಡಿದರೆ ಇಲ್ಲ. ಹಾಗೆಂದು ಸುಳ್ಳು ತಾರೀಖಿನ ಮೇಲೆ ಸವಾರಿ ಮಾಡಬೇಡಿ. ಆಧಾರ್ ಒಂದು ಹೇಳುತ್ತದೆ, ಟಿಸಿ ಇನ್ನೊಂದು ಹೇಳುತ್ತದೆ, ಸಿಕ್ಕಿಬೀಳುವುದು ಸೀಟು ಸಿಗುವ ದಿನವೇ. ತಿದ್ದುಪಡಿ ಏನಿದ್ದರೂ ಹತ್ತನೆಯದರ ಅಂಕಪಟ್ಟಿ ಅಚ್ಚಾಗುವ ಮೊದಲು ಆಗಬೇಕು. ಆಮೇಲೆ ಕೋರ್ಟು ಕಚೇರಿ ಅಲೆದಾಟ. ತಾರೀಖಿನ ಜೊತೆಗೆ ಹೆಸರನ್ನೂ ನೋಡಿಕೊಳ್ಳಿ: ಒಂದು ಕಡೆ ಅಡ್ಡಹೆಸರು, ಇನ್ನೊಂದು ಕಡೆ ಬರೀ ಇನಿಷಿಯಲ್ಲು, ಇದೂ ಕಾಡುತ್ತದೆ.

ಎಲ್ಲಿಗೆ ಹೋಗಬೇಕು ಅನ್ನುವುದು ಆಮೇಲಲ್ಲ, ಮೊದಲೇ

ಡಾಕ್ಟರ್ ಆಗಬೇಕೆಂದರೆ ನೀಟ್ ಬರೆಯಲು ಆ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಮೇಲಿನ ಜುಲೈ ಮಗುವಿಗೆ 2029ರಲ್ಲಿ 17 ತುಂಬುತ್ತದೆ, ಸರಿಹೋಯಿತು. ಅದಕ್ಕಿಂತ ಬೇಗ ಮುಗಿಸಿದ್ದರೂ ಸುಮ್ಮನೆ ಕಾಯಬೇಕಿತ್ತು. ಮುಕ್ತ ಶಾಲೆಯವರು ನೀಟ್ ಬರೆಯುವಂತಿಲ್ಲ ಎಂಬ ನಿಯಮವೊಂದಿತ್ತು, ಅದನ್ನು ದೆಹಲಿ ಹೈಕೋರ್ಟು 2018ರಲ್ಲೇ ತೆಗೆದುಹಾಕಿದೆ. ಎಂಜಿನಿಯರಿಂಗಿನ ಜೆಇಇ ಮೇನ್‌ಗೆ ವಯಸ್ಸಿನ ತಕರಾರಿಲ್ಲ.

ಮನೆಪಾಠದವರು ನಿಜಕ್ಕೂ ಎಡವುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಸಿಇಟಿಯಲ್ಲಿ. ಅಲ್ಲಿ ಕರ್ನಾಟಕದ ಅಭ್ಯರ್ಥಿ ಎನಿಸಿಕೊಳ್ಳಲು ಹೆಚ್ಚಿನವರು ಬಳಸುವ ಷರತ್ತು ಇದು: ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ರಾಜ್ಯದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಓದಿರಬೇಕು, ಹತ್ತು ಅಥವಾ ಹನ್ನೆರಡನ್ನು ಇಲ್ಲಿಯೇ ಪಾಸಾಗಿರಬೇಕು. ಮನೆಯಲ್ಲಿ ಓದಿದ ವರ್ಷ ಈ ಏಳರ ಲೆಕ್ಕಕ್ಕೆ ಬರುವುದಿಲ್ಲ. ಒಂದನೇ ಕ್ಲಾಸಿನಿಂದಲೇ ಮನೆಯಲ್ಲಿ ಕೂರಿಸಿ ಓದಿಸಿದವರು ರ‍್ಯಾಂಕ್ ಬಂದ ಮೇಲೆ ಈ ಸಾಲು ಓದಿದರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವಂತಾಗುತ್ತದೆ.

ಅದಕ್ಕೇ ನನ್ನ ಸಲಹೆ ಸರಳ. ಒಂದರಿಂದ ಏಳರವರೆಗೆ ಮಗು ಮಾನ್ಯತೆ ಪಡೆದ ಶಾಲೆಯಲ್ಲೇ ಇರಲಿ. ಏಳು ವರ್ಷದ ವ್ಯಾಸಂಗ ಪ್ರಮಾಣಪತ್ರವನ್ನು ಮುಖ್ಯೋಪಾಧ್ಯಾಯರಿಂದ ಅಂದೇ ಬರೆಸಿ, ಬಿಇಓ ಮೇಲುಸಹಿ ಮಾಡಿಸಿ ಇಟ್ಟುಕೊಳ್ಳಿ. ಮನೆಪಾಠ ಬೇಕಿದ್ದರೆ ಎಂಟರಿಂದ. ಎನ್‌ಐಓಎಸ್ ಪರೀಕ್ಷೆಯ ಕೇಂದ್ರವನ್ನು ರಾಜ್ಯದೊಳಗೇ ಆರಿಸಿ, ನಿಮ್ಮ ಪ್ರಕರಣ ಯಾವ ಷರತ್ತಿಗೆ ಹೊಂದುತ್ತದೆ ಎಂದು ಕೆಇಎಗೆ ಮುಂಚಿತವಾಗಿ ಬರೆದು, ಉತ್ತರವನ್ನು ಕಾಗದದ ಮೇಲೆ ಪಡೆಯಿರಿ. ಬಾಯಿಮಾತಿನ ಭರವಸೆ ಕೌಂಟರಿನ ಆಚೆ ನಡೆಯುವುದಿಲ್ಲ.

ನಮಗೆ ಇರುವ ಒಂದು ಅನುಕೂಲವನ್ನು ಇಲ್ಲಿ ಮರೆಯಬಾರದು. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ 70 ಪ್ರತಿಶತ, ಉಳಿದ ಕಡೆ 8 ಪ್ರತಿಶತ ಸೀಟು ಸ್ಥಳೀಯರಿಗಿದೆ. ಕೊಪ್ಪಳದ ವೈದ್ಯಕೀಯ ಕಾಲೇಜಿರಲಿ, ತಳಕಲ್ಲಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿರಲಿ, ಇದರ ಬೆಲೆ ದೊಡ್ಡದು. ಇದು ನೋಡುವುದು ಹುಟ್ಟು ಮತ್ತು ವಾಸವನ್ನು. ಆದ್ದರಿಂದ ಇದರ ಪ್ರಮಾಣಪತ್ರಕ್ಕೆ ಶಾಲೆಗೆ ಹೋಗದ ವರ್ಷಗಳು ಅಡ್ಡಿಯಲ್ಲ. ಪ್ರಮಾಣಪತ್ರ ಕೊಡುವುದು ಉಪವಿಭಾಗಾಧಿಕಾರಿ, ಅಂದರೆ ನಾವೆಲ್ಲ ಎಸಿ ಸಾಹೇಬರು ಅನ್ನುವವರು. ಸಿಇಟಿ ಅರ್ಜಿಯ ಗದ್ದಲ ಶುರುವಾಗುವ ಮೊದಲೇ ಮಾಡಿಸಿ.

ಶಾಲೆ ಬಿಡಿಸುವಾಗ

ಟಿಸಿ ತೆಗೆದುಕೊಂಡು ಎಲ್ಲಿಗೂ ಸೇರಿಸದಿದ್ದರೆ ಸರ್ಕಾರದ ವಿದ್ಯಾರ್ಥಿ ದಾಖಲೆಯಲ್ಲಿ ನಿಮ್ಮ ಮಗು ‘ಶಾಲೆ ಬಿಟ್ಟ ಮಗು’. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14ರವರೆಗೆ ಶಾಲೆ ಎನ್ನುತ್ತದೆ, ಮನೆಪಾಠದ ಹೆಸರನ್ನೇ ಎತ್ತುವುದಿಲ್ಲ. ಹಾಗಾಗಿ ಕ್ಲಸ್ಟರಿನ ಸಿಆರ್‌ಪಿ ನಿಮ್ಮ ಬಾಗಿಲಿಗೆ ಬಂದರೆ ಸಿಟ್ಟಾಗಬೇಡಿ. ನಮ್ಮ ಜಿಲ್ಲೆಯಲ್ಲಿ ಏಳನೇತ್ತಾ ಮುಗಿಸಿದ ಹುಡುಗಿ ಮನೆಯಲ್ಲಿ ಉಳಿದಳೆಂದರೆ ಒಂದೋ ಹತ್ತಿ ಬಿಡಿಸಲು ಹೋಗುತ್ತಾಳೆ, ಇಲ್ಲ ಗಂಡು ನೋಡುತ್ತಿದ್ದಾರೆ ಎಂದು ಅನುಮಾನಿಸುವುದು ಅವರ ಕೆಲಸ. ಆ ಅನುಮಾನ ಎಷ್ಟೋ ಹುಡುಗಿಯರನ್ನು ಉಳಿಸಿದೆ. ಮನೆಯಲ್ಲಿ ಏನು ಓದಿಸುತ್ತಿದ್ದೀರಿ, ಯಾವಾಗ ನೋಂದಣಿ ಎಂದು ಬಿಇಓ ಕಚೇರಿಗೆ ಒಂದು ಪತ್ರ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಆ ಪತ್ರ ಬರೆಯಲು ಕುಳಿತಾಗಲೇ ಒಂದು ಪ್ರಶ್ನೆ ಎದುರಾಗುತ್ತದೆ: ಮನೆಯಲ್ಲಿ ಓದಿಸುವವರು ಯಾರು? ಅಪ್ಪ ತೋಟದಲ್ಲಿ, ಅವ್ವ ಒಲೆ ಮುಂದೆ, ಹುಡುಗಿಯ ಕೈಯಲ್ಲಿ ಮೊಬೈಲು. ಇದು ಮನೆಪಾಠ ಅಲ್ಲ.

ನೋಂದಣಿ, ವಿಷಯ, ಪ್ರಯೋಗಶಾಲೆ

ಎನ್‌ಐಓಎಸ್ ಹತ್ತನೆಯದಕ್ಕೆ ಎಂಟನೇ ತರಗತಿ ಪಾಸಾದ ಪತ್ರ ಇಲ್ಲದಿದ್ದರೂ ನಡೆಯುತ್ತದೆ. ಈ ಹಂತ ಓದುವಷ್ಟು ಕಲಿತಿದ್ದೇನೆ ಎಂಬ ಸ್ವಯಂ ಘೋಷಣೆ ಸಾಕು. ಜನನ ಪ್ರಮಾಣಪತ್ರ, ಆಧಾರ್, ಫೋಟೋ ಬೇಕು. ಅರ್ಜಿ ಆನ್‌ಲೈನು, ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ. ಕನಿಷ್ಠ ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ. ಪಾಸಿಗೆ 33 ಪ್ರತಿಶತ. ನೋಂದಣಿ ಐದು ವರ್ಷ ಚಾಲ್ತಿಯಲ್ಲಿರುತ್ತದೆ, ಒಂದೊಂದೇ ವಿಷಯ ಬರೆದು ಮುಗಿಸಬಹುದು. 20 ಪ್ರತಿಶತ ಅಂಕ ಮನೆಯಲ್ಲಿ ಬರೆದು ಸಲ್ಲಿಸುವ ಅಸೈನ್‌ಮೆಂಟಿಗೆ. ಜಾಣ ಮಕ್ಕಳು ಇದನ್ನೇ ಉದಾಸೀನ ಮಾಡಿ ಕೂರುತ್ತಾರೆ.

ಅರ್ಜಿಯಲ್ಲಿ ಅಧ್ಯಯನ ಕೇಂದ್ರ ಆರಿಸುವಾಗ ಅವಸರ ಬೇಡ. ಪಟ್ಟಿಯಲ್ಲಿ ಹತ್ತಿರದ್ದು ಎಂದು ಒತ್ತಿಬಿಡಬೇಡಿ, ಒಮ್ಮೆ ಹೋಗಿ ಲ್ಯಾಬಿನ ಬೀಗ ತೆಗೆಸಿ ನೋಡಿ. ನಾನು ಹೋಗಿ ನೋಡಿದ ಒಂದು ಕಡೆ ಬ್ಯುರೆಟ್ಟಿನಲ್ಲಿ ಜೇಡರ ಬಲೆ ಇತ್ತು. ಕೊಪ್ಪಳ, ಗಂಗಾವತಿಯಲ್ಲಿ ಒಗ್ಗದಿದ್ದರೆ ಹೊಸಪೇಟೆ, ಗದಗ, ಬಳ್ಳಾರಿ ದೂರವೇನಲ್ಲ. ತಿಂಗಳಿಗೊಮ್ಮೆ ಬಸ್ ಹತ್ತಿದರೂ ಆಯಿತು, ಹನ್ನೆರಡನೆಯದರ ಭೌತಶಾಸ್ತ್ರ, ರಸಾಯನಶಾಸ್ತ್ರಕ್ಕೆ ಕೈಯಾರೆ ಪ್ರಯೋಗ ಮಾಡದೆ ಗತಿಯಿಲ್ಲ. ಇದೇ ಕಾರಣಕ್ಕೆ ರಾಜ್ಯದ ಪಿಯುಸಿಯನ್ನು ಖಾಸಗಿಯಾಗಿ ಬರೆಯುವವರಿಗೆ ಕಲೆ, ವಾಣಿಜ್ಯವೇ ಗತಿ. ಹತ್ತನೆಯದು ಎನ್‌ಐಓಎಸ್‌ನಲ್ಲಿ ಮುಗಿಸಿ, ಪಿಯುಸಿಗೆ ಗಂಗಾವತಿಯಲ್ಲೋ ಕೊಪ್ಪಳದಲ್ಲೋ ಒಳ್ಳೆಯ ಕಾಲೇಜು ಸೇರುವುದು ವಿಜ್ಞಾನದ ಮಕ್ಕಳಿಗೆ ನನಗೆ ಹೆಚ್ಚು ಹಿಡಿಸುವ ಹಾದಿ.

ಕೇಂಬ್ರಿಜ್‌ನ ಐಜಿಸಿಎಸ್‌ಇಗೆ ವಯಸ್ಸಿನ ಕಟ್ಟಿಲ್ಲ ಎಂದು ಕೆಲವರು ಹೇಳುತ್ತಾರೆ. ನಿಜ. ಆದರೆ ಒಂದೊಂದು ವಿಷಯದ ಶುಲ್ಕ ಸಾವಿರಗಳಲ್ಲಿ, ಓಡಾಟ ಬೆಂಗಳೂರಿಗೆ. ಭತ್ತದ ರೇಟು ನೋಡಿಕೊಂಡು ಮಾತಾಡಬೇಕಾದ ವಿಷಯ.

ವರ್ಷ ಉಳಿಯದಿದ್ದರೆ

ಲೆಕ್ಕ ಹಾಕಿ ಉಳಿತಾಯ ಇಲ್ಲ ಎಂದಾದರೆ ಶಾಲೆ ಬಿಡಿಸಬೇಡಿ. ಮಗುವಿನ ವೇಗಕ್ಕೆ ಬೇರೆ ಮೇವು ಇದೆ. ಗಣಿತದವರಿಗೆ ಒಲಿಂಪಿಯಾಡ್‌ನ ಮೊದಲ ಸುತ್ತು ಐಓಕ್ಯೂಎಂ ಇದೆ, ಎಂಟನೇ ತರಗತಿಯಿಂದಲೇ ಕೂರಬಹುದು. ಅದರ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಲು ಕೂತರೆ ‘ಹತ್ತನೇತ್ತಾ ಎರಡ್ ಸಲ ಮುಗಿಸೀನಿ’ ಎಂಬ ಗತ್ತು ಅರ್ಧ ಗಂಟೆಯಲ್ಲಿ ಇಳಿಯುತ್ತದೆ, ಓದು ಶುರುವಾಗುವುದು ಅಲ್ಲಿಂದ. ಕೇಂದ್ರ ಸರ್ಕಾರದ ಸ್ವಯಂ ತಾಣದ ಪಾಠಗಳು ಪುಕ್ಕಟೆ. ಐಐಟಿ ಮದ್ರಾಸ್‌ನ ಡೇಟಾ ಸೈನ್ಸ್ ಆನ್‌ಲೈನ್ ಪದವಿಯ ಅರ್ಹತಾ ಹಂತಕ್ಕೆ ಹನ್ನೆರಡನೇ ತರಗತಿ ಮುಗಿಯುವ ಮೊದಲೇ ಅರ್ಜಿ ಹಾಕಬಹುದು. ಸರ್ಟಿಫಿಕೇಟಿನ ವರ್ಷ ಉಳಿಯದಿದ್ದರೂ ಓದಿನ ವರ್ಷ ಹೀಗೆ ಉಳಿಯುತ್ತದೆ.

ಕುಷ್ಟಗಿಯ ರೈತರಿಗೆ ನಾನು ಹೇಳಿದ್ದೂ ಇದನ್ನೇ: ಜೂನ್‌ನಲ್ಲಿ ಎಂಟನೇತ್ತಾಕ್ಕೆ ಸೇರಿಸಿ, ಆದರೆ ಈ ಬೇಸಿಗೆಯಲ್ಲೇ ಜನ್ಮದಿನಾಂಕದ ತಿದ್ದುಪಡಿಗೆ ಅರ್ಜಿ ಕೊಡಿ. ಅವರ ಮುಖ ಸಣ್ಣದಾಯಿತು. ಹುಡುಗಿ ಮಾತ್ರ ಹಾಳಾದ ಜೆರಾಕ್ಸ್ ಹಾಳೆಯ ಹಿಂಬದಿ ತಾನೇ ಏನೋ ಕೂಡಿಸಿ ಕಳೆಯುತ್ತಿದ್ದಳು. ತಲೆ ಎತ್ತಿ ಕೇಳಿದಳು:

‘ಸರ, ನಮ್ಮ ತಮ್ಮ ಜುಲೈ ಹದಿನೆಂಟಕ್ಕ ಹುಟ್ಯಾನ್ರಿ. ಅವಂಗ ಒಂದ್ ವರ್ಷ ಉಳೀತೈತಲ್ರೀ?’

‘ಉಳೀತೈತವಾ.’

‘ಆದ್ರ ಅವಂಗ ಹದಿಮೂರರ ಮಗ್ಗಿನ ಬರಂಗಿಲ್ರೀ.’