ಇಂಧನ ವೆಚ್ಚ ಮತ್ತು ಕುಟುಂಬದ ಕಾರಿನ ಆಯ್ಕೆ

ಮಧ್ಯಮ ವರ್ಗದ ಕುಟುಂಬವೊಂದು ತನ್ನ ಜೀವಿತಕಾಲದಲ್ಲಿ ಮಾಡುವ ದೊಡ್ಡ ಖರೀದಿಗಳಲ್ಲಿ ಮನೆಯ ನಂತರದ ಸ್ಥಾನ ಸಾಮಾನ್ಯವಾಗಿ ಕಾರಿನದು. ಕಾರಿನ ಬೆಲೆಯನ್ನು ಒಮ್ಮೆ ತೆತ್ತರೆ, ಇಲ್ಲವೇ ಕೆಲವು ವರ್ಷ ಕಂತು ಕಟ್ಟಿದರೆ, ಆ ಹೊರೆ ಮುಗಿಯುತ್ತದೆ. ಆದರೆ ಇಂಧನದ ಬೆಲೆಯನ್ನು ವಾಹನ ಓಡುವಷ್ಟು ಕಾಲವೂ ತೆರುತ್ತಲೇ ಇರಬೇಕು. ಆದ್ದರಿಂದಲೇ ‘ಎಷ್ಟು ಕೊಡುತ್ತದೆ?’ ಎಂಬುದು ಕಾರು ಕೊಳ್ಳುವವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದಾಗಿದೆ. ಒಂದು ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಈ ಪ್ರಶ್ನೆ ಸಹಜವಾದದ್ದೇ. ಆದರೆ ಅದೊಂದೇ ಸಾಲದು. ಇಂಧನದ ದರ ಖರೀದಿದಾರರ ಆಯ್ಕೆಯನ್ನು ಹೇಗೆ ತಿರುಗಿಸುತ್ತದೆ, ಆ ತಿರುವಿನಲ್ಲಿ ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬುದನ್ನು ಮಧ್ಯಮ ಗಾತ್ರದ ಸೆಡಾನ್ ಕಾರುಗಳ ಉದಾಹರಣೆಯ ಮೂಲಕ ಇಲ್ಲಿ ವಿವರಿಸಲಾಗಿದೆ.

ಮಧ್ಯಮ ಗಾತ್ರದ ಸೆಡಾನ್

ಮುಂದೆ ಎಂಜಿನ್, ನಡುವೆ ಪ್ರಯಾಣಿಕರು, ಹಿಂದೆ ಸಾಮಾನು ಇಡಲು ಪ್ರತ್ಯೇಕ ಡಿಕ್ಕಿ, ಹೀಗೆ ಮೂರು ಭಾಗಗಳುಳ್ಳ ಕಾರನ್ನು ಸೆಡಾನ್ ಎನ್ನುತ್ತಾರೆ. ಭಾರತದಲ್ಲಿ ನಾಲ್ಕು ಮೀಟರಿಗಿಂತ ಚಿಕ್ಕದಾದ ಸೆಡಾನ್‌ಗಳೂ ಇವೆ. ಅದಕ್ಕಿಂತ ಉದ್ದವಾಗಿದ್ದು, ಐವರು ಕುಳಿತುಕೊಳ್ಳಬಹುದಾದ ಹೋಂಡಾ ಸಿಟಿ, ಹ್ಯುಂಡೈ ವೆರ್ನಾ, ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್ ಮುಂತಾದವುಗಳನ್ನು ಮಧ್ಯಮ ಗಾತ್ರದ ವರ್ಗಕ್ಕೆ ಸೇರಿಸುವುದು ವಾಡಿಕೆ. ಈ ಕಾರುಗಳನ್ನು ಕೊಳ್ಳುವವರಲ್ಲಿ ಸಂಬಳದಾರರು, ಸಣ್ಣ ಉದ್ಯಮಿಗಳು ಹೆಚ್ಚು. ವಾರದ ದಿನಗಳಲ್ಲಿ ಕಚೇರಿಗೆ, ರಜೆಯಲ್ಲಿ ಊರಿಗೆ ಒಂದೇ ಕಾರು ಒದಗಬೇಕೆಂಬುದು ಇವರ ಅಪೇಕ್ಷೆ. ಹೀಗಾಗಿ ಬೆಲೆ, ಅನುಕೂಲ, ಇಂಧನ ವೆಚ್ಚ ಈ ಮೂರನ್ನೂ ಇವರು ತೂಗಿ ನೋಡುತ್ತಾರೆ.

ದರ ನೀತಿಯ ಹಿನ್ನೆಲೆ

ಪೆಟ್ರೋಲ್ ಮತ್ತು ಡೀಸೆಲ್‌ಗಳ ಚಿಲ್ಲರೆ ದರವನ್ನು ಬಹುಕಾಲ ಸರ್ಕಾರವೇ ನಿಯಂತ್ರಿಸುತ್ತಿತ್ತು. ಲಾರಿ, ಬಸ್ಸು, ನೀರಾವರಿ ಪಂಪು, ಟ್ರಾಕ್ಟರುಗಳು ಡೀಸೆಲ್ಲನ್ನು ಅವಲಂಬಿಸಿದ್ದುದರಿಂದ ಅದರ ದರ ಏರಿದರೆ ಅಕ್ಕಿ ಬೇಳೆಗಳ ಬೆಲೆಯೂ ಏರುವುದೆಂಬ ಕಾರಣಕ್ಕೆ ಡೀಸೆಲ್ ದರವನ್ನು ಕಡಿಮೆ ಮಟ್ಟದಲ್ಲಿ ಇರಿಸಲಾಗಿತ್ತು. 2010ರ ಜೂನ್‌ನಲ್ಲಿ ಪೆಟ್ರೋಲ್ ದರವನ್ನು ನಿಯಂತ್ರಣದಿಂದ ಬಿಡುಗಡೆ ಮಾಡಲಾಯಿತು. ಡೀಸೆಲ್ ದರ ಮಾತ್ರ ನಿಯಂತ್ರಣದಲ್ಲಿಯೇ ಉಳಿಯಿತು. ಪರಿಣಾಮವಾಗಿ ಎರಡರ ನಡುವಿನ ಅಂತರ ಹಿಗ್ಗುತ್ತಾ ಹೋಯಿತು. 2012ರ ಮೇ ತಿಂಗಳ ಕೊನೆಯ ವಾರದಲ್ಲಿ ದೆಹಲಿಯಲ್ಲಿ ಲೀಟರ್ ಪೆಟ್ರೋಲಿಗೆ ಸುಮಾರು 73 ರೂಪಾಯಿ ಇದ್ದರೆ ಡೀಸೆಲ್‌ಗೆ ಸುಮಾರು 41 ರೂಪಾಯಿ ಇತ್ತು. ಅಂತರ 32 ರೂಪಾಯಿ.

ರೈತರಿಗೂ ಸಾರ್ವಜನಿಕ ಸಾರಿಗೆಗೂ ಉದ್ದೇಶಿಸಿದ್ದ ಈ ರಿಯಾಯಿತಿ ಕಾರು ಕೊಳ್ಳುವವರ ಕೈಗೂ ಸಿಕ್ಕಿತು. 2012-13ರ ವೇಳೆಗೆ ದೇಶದಲ್ಲಿ ಮಾರಾಟವಾಗುತ್ತಿದ್ದ ಪ್ರಯಾಣಿಕ ವಾಹನಗಳಲ್ಲಿ ಸುಮಾರು ಅರ್ಧದಷ್ಟು ಡೀಸೆಲ್ ವಾಹನಗಳಾಗಿದ್ದವು. 1998ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಹೋಂಡಾ ಸಿಟಿ ಅಲ್ಲಿಯವರೆಗೆ ಪೆಟ್ರೋಲ್ ಎಂಜಿನ್‌ಗಳಿಗೇ ಸೀಮಿತವಾಗಿತ್ತು. 2011ರಲ್ಲಿ ಹೊಸ ರೂಪದಲ್ಲಿ ಬಂದ ಹ್ಯುಂಡೈ ವೆರ್ನಾದಲ್ಲಿ ಡೀಸೆಲ್ ಎಂಜಿನ್ ಇದ್ದುದರಿಂದ ಖರೀದಿದಾರರು ಅತ್ತ ವಾಲಿದರು. 2014ರ ಜನವರಿಯಲ್ಲಿ ಸಿಟಿಗೂ ಡೀಸೆಲ್ ಎಂಜಿನ್ ಬಂದಿತು. ಪೆಟ್ರೋಲ್ ಸಿಟಿಗೆ ಲೀಟರಿಗೆ 17.8 ಕಿಲೋಮೀಟರ್, ಡೀಸೆಲ್ ಸಿಟಿಗೆ 26 ಕಿಲೋಮೀಟರ್ ಎಂದು ತಯಾರಕರು ಪ್ರಕಟಿಸಿದರು. ಕಾರು ಯಾವುದನ್ನು ಕುಡಿಯಬೇಕೆಂಬುದನ್ನು ಬಂಕಿನ ದರಫಲಕವೇ ನಿರ್ಧರಿಸಿದ ಕಾಲವದು.

ಡೀಸೆಲ್ ಕಾರು ಕಡಿಮೆ ಇಂಧನದಲ್ಲಿ ಹೆಚ್ಚು ದೂರ ಓಡಲು ಎರಡು ಕಾರಣಗಳಿವೆ. ಒಂದು ಲೀಟರ್ ಡೀಸೆಲ್‌ನಲ್ಲಿ ಅಷ್ಟೇ ಪ್ರಮಾಣದ ಪೆಟ್ರೋಲ್‌ಗಿಂತ ಶೇಕಡಾ 10ಕ್ಕೂ ಮೀರಿ ಅಧಿಕ ಶಕ್ತಿ ಅಡಗಿದೆ. ಅಲ್ಲದೆ ಡೀಸೆಲ್ ಎಂಜಿನ್ ಗಾಳಿಯನ್ನು ಹೆಚ್ಚು ಒತ್ತಡಕ್ಕೆ ಗುರಿಪಡಿಸಿ ಇಂಧನವನ್ನು ಉರಿಸುವುದರಿಂದ ಆ ಶಕ್ತಿಯ ಹೆಚ್ಚಿನ ಪಾಲು ಚಕ್ರಗಳನ್ನು ತಲುಪುತ್ತದೆ. ಆದರೆ ಅಂಥ ಒತ್ತಡವನ್ನು ತಾಳುವ ಎಂಜಿನ್ ಗಟ್ಟಿಯಾಗಿರಬೇಕು; ಆದ್ದರಿಂದ ಅದರ ಬೆಲೆ ಹೆಚ್ಚು.

ಒಂದು ಲೆಕ್ಕ

ಹೆಚ್ಚು ಬೆಲೆಯ ಕಾರು ಕೊಂಡು ಇಂಧನದಲ್ಲಿ ಉಳಿಸುವುದು ಲಾಭಕರವೇ ಎಂಬುದನ್ನು ಸರಳ ಗಣಿತದಿಂದ ತಿಳಿಯಬಹುದು. ಎರಡು ಕಾರುಗಳ ಬೆಲೆಯ ವ್ಯತ್ಯಾಸವನ್ನು ಒಂದು ವರ್ಷದ ಇಂಧನ ಉಳಿತಾಯದಿಂದ ಭಾಗಿಸಿದರೆ, ಹೆಚ್ಚಾಗಿ ತೆತ್ತ ಹಣ ಎಷ್ಟು ವರ್ಷಗಳಲ್ಲಿ ಮರಳುತ್ತದೆ ಎಂಬುದು ದೊರೆಯುತ್ತದೆ.

ಉದಾಹರಣೆಗೆ, ಪೆಟ್ರೋಲ್ ಕಾರು ಲೀಟರಿಗೆ 15 ಕಿಲೋಮೀಟರ್, ಡೀಸೆಲ್ ಕಾರು 20 ಕಿಲೋಮೀಟರ್ ಓಡುತ್ತದೆ ಎಂದಿಟ್ಟುಕೊಳ್ಳಬಹುದು. ವರ್ಷಕ್ಕೆ 10,000 ಕಿಲೋಮೀಟರ್ ಓಡಾಟವಿದ್ದರೆ ಮೊದಲನೆಯದಕ್ಕೆ 667 ಲೀಟರ್ ಪೆಟ್ರೋಲ್, ಎರಡನೆಯದಕ್ಕೆ 500 ಲೀಟರ್ ಡೀಸೆಲ್ ಬೇಕು. 2012ರ ಮೇಲಿನ ದರಗಳಲ್ಲಿ ಇವುಗಳ ವೆಚ್ಚ ಕ್ರಮವಾಗಿ ಸುಮಾರು 48,700 ರೂಪಾಯಿ ಮತ್ತು 20,500 ರೂಪಾಯಿ. ಉಳಿತಾಯ ಸುಮಾರು 28,200 ರೂಪಾಯಿ. ಡೀಸೆಲ್ ಕಾರಿನ ಬೆಲೆ ಒಂದು ಲಕ್ಷ ರೂಪಾಯಿ ಹೆಚ್ಚೆಂದು ಭಾವಿಸಿದರೆ ಮೂರೂವರೆ ವರ್ಷಗಳಲ್ಲಿ ಆ ಹಣ ಮರಳುತ್ತಿತ್ತು.

ಅದೇ ಲೆಕ್ಕವನ್ನು 2024ಕ್ಕೆ ಅನ್ವಯಿಸಿ ನೋಡಬಹುದು. ಆ ವರ್ಷದ ಮಾರ್ಚ್ 15ರಂದು ದೆಹಲಿಯಲ್ಲಿ ಪೆಟ್ರೋಲ್ ದರ 94 ರೂಪಾಯಿ 72 ಪೈಸೆ, ಡೀಸೆಲ್ ದರ 87 ರೂಪಾಯಿ 62 ಪೈಸೆ. ವಾರ್ಷಿಕ ವೆಚ್ಚ ಸುಮಾರು 63,100 ಮತ್ತು 43,800 ರೂಪಾಯಿ. ಉಳಿತಾಯ 19,300 ರೂಪಾಯಿ. ಹೊಸ ಮಾಲಿನ್ಯ ನಿಯಮಗಳಿಂದಾಗಿ ಬೆಲೆಯ ವ್ಯತ್ಯಾಸ ಒಂದೂವರೆ ಲಕ್ಷಕ್ಕೆ ಏರಿದೆಯೆಂದುಕೊಂಡರೆ ಹಣ ಮರಳಲು ಸುಮಾರು ಎಂಟು ವರ್ಷ ಬೇಕು. ಓಡಾಟ ವರ್ಷಕ್ಕೆ 5,000 ಕಿಲೋಮೀಟರ್ ಮಾತ್ರವಾದರೆ ಹದಿನೈದು ವರ್ಷ ಮೀರುತ್ತದೆ. ಇಂಧನದ ದರವಷ್ಟೇ ಅಲ್ಲ, ಕುಟುಂಬದ ಓಡಾಟವೂ ಲೆಕ್ಕವನ್ನು ಬುಡಮೇಲು ಮಾಡಬಲ್ಲದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮಾರುಕಟ್ಟೆಯ ತಿರುವು

2013ರ ಜನವರಿಯಿಂದ ಡೀಸೆಲ್ ದರವನ್ನು ಅಲ್ಪ ಪ್ರಮಾಣದಲ್ಲಿ ಆಗಾಗ ಏರಿಸಲು ತೈಲ ಕಂಪನಿಗಳಿಗೆ ಅನುಮತಿ ದೊರೆಯಿತು. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಕೂಡ ನಿಯಂತ್ರಣದಿಂದ ಮುಕ್ತವಾಯಿತು. 2017ರ ಜೂನ್ 16ರಿಂದ ದೇಶಾದ್ಯಂತ ದರಗಳನ್ನು ಪ್ರತಿದಿನ ಪರಿಷ್ಕರಿಸುವ ಪದ್ಧತಿ ಜಾರಿಗೆ ಬಂದಿತು. ಹಿಂದಿನ ಅಂತರ ಕ್ರಮೇಣ ಕುಗ್ಗಿ, 2020ರ ಜೂನ್ 24ರಂದು ದೆಹಲಿಯಲ್ಲಿ ಡೀಸೆಲ್ ದರ ಪೆಟ್ರೋಲ್ ದರವನ್ನೂ ಮೀರಿತು. ಎಂಟು ವರ್ಷಗಳ ಹಿಂದೆ 32 ರೂಪಾಯಿಯ ಅಂತರವನ್ನು ನಂಬಿ ಕಾರು ಕೊಂಡವರು ಇದನ್ನು ನಿರೀಕ್ಷಿಸಿರಲಾರರು.

ಇದೇ ಅವಧಿಯಲ್ಲಿ ಬೇರೆ ಕಾರಣಗಳೂ ಕೂಡಿಕೊಂಡವು. ರಾಜಧಾನಿ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳು ಸಂಚರಿಸಕೂಡದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಪೆಟ್ರೋಲ್ ವಾಹನಗಳಿಗೆ ಈ ಮಿತಿ ಹದಿನೈದು ವರ್ಷ. 2025ರಲ್ಲಿ ಈ ನಿರ್ಬಂಧದ ಜಾರಿ ಮತ್ತೆ ಸರ್ವೋಚ್ಚ ನ್ಯಾಯಾಲಯದ ಪರಿಶೀಲನೆಗೆ ಬಂದಿತು. ದೆಹಲಿಯಲ್ಲಿ ನೆಲೆಸಿರುವ ಕುಟುಂಬಕ್ಕೆ ಇದು ಪುಟ್ಟ ಸಂಗತಿಯಲ್ಲ. ಹದಿನೈದು ವರ್ಷ ಬಾಳುವುದೆಂದು ಕೊಂಡ ವಾಹನ ಹತ್ತೇ ವರ್ಷಕ್ಕೆ ಮನೆಯ ಮುಂದೆ ನಿಂತರೆ ಇಂಧನದಲ್ಲಿ ಉಳಿಸಿದ್ದೆಲ್ಲವೂ ಮರುಮಾರಾಟದ ಬೆಲೆಯಲ್ಲಿ ಕರಗಿಹೋಗುತ್ತದೆ.

2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ ಆರು ಎಂಬ ಮಾಲಿನ್ಯ ನಿಯಮಗಳು ಜಾರಿಗೆ ಬಂದವು. ಡೀಸೆಲ್ ಹೊಗೆಯನ್ನು ಶುದ್ಧಗೊಳಿಸುವ ಉಪಕರಣಗಳು ದುಬಾರಿಯಾದ್ದರಿಂದ ಹಲವು ತಯಾರಕರು ಸಣ್ಣ ಡೀಸೆಲ್ ಎಂಜಿನ್‌ಗಳನ್ನು ಕೈಬಿಟ್ಟರು. 2023ರಲ್ಲಿ ಸಿಟಿಯ ಡೀಸೆಲ್ ಮಾದರಿ ನಿಂತಿತು. ಅದೇ ವರ್ಷ ಬಂದ ಹೊಸ ವೆರ್ನಾದಲ್ಲಿಯೂ ಡೀಸೆಲ್ ಎಂಜಿನ್ ಇರಲಿಲ್ಲ. ಹತ್ತು ವರ್ಷಗಳ ಹಿಂದೆ ಈ ವರ್ಗವನ್ನು ಆಳುತ್ತಿದ್ದ ಇಂಧನ ಹೀಗೆ ಅದರಿಂದ ನಿರ್ಗಮಿಸಿತು.

ಮೈಲೇಜಿನ ಅಂಕಿಯನ್ನು ಓದುವ ಬಗೆ

ತಯಾರಕರು ಪ್ರಕಟಿಸುವ ಮೈಲೇಜು ಪುಣೆಯ ಭಾರತೀಯ ವಾಹನ ಸಂಶೋಧನಾ ಸಂಸ್ಥೆಯಂತಹ ಮಾನ್ಯತೆ ಪಡೆದ ಕೇಂದ್ರಗಳ ಪರೀಕ್ಷೆಯನ್ನು ಆಧರಿಸಿರುತ್ತದೆ. ಅಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ಗೊತ್ತುಪಡಿಸಿದ ವೇಗಗಳಲ್ಲಿ ಓಡಿಸಿ ಅಳೆಯುತ್ತಾರೆ. ಮುಂಬಯಿಯ ಮಳೆಗಾಲದ ವಾಹನದಟ್ಟಣೆಯಾಗಲಿ, ಚೆನ್ನೈನ ಮೇ ತಿಂಗಳ ಸೆಕೆಯಾಗಲಿ ಆ ಕೊಠಡಿಯಲ್ಲಿ ಇರುವುದಿಲ್ಲ. ಆದ್ದರಿಂದ ಈ ಅಂಕಿಗಳು ಒಂದು ಕಾರನ್ನು ಮತ್ತೊಂದರೊಡನೆ ಹೋಲಿಸಲು ಉಪಯುಕ್ತವೇ ಹೊರತು, ಮನೆಯ ಖರ್ಚಿನ ಲೆಕ್ಕಕ್ಕೆ ನೇರವಾಗಿ ಒದಗುವುದಿಲ್ಲ.

ಇನ್ನೊಂದು ಭ್ರಮೆಯನ್ನೂ ಗಮನಿಸಬೇಕು. ಲೀಟರಿಗೆ 10 ಕಿಲೋಮೀಟರ್ ಕೊಡುವ ಕಾರಿನ ಬದಲು 12 ಕೊಡುವ ಕಾರು ಕೊಂಡರೆ 10,000 ಕಿಲೋಮೀಟರಿಗೆ 167 ಲೀಟರ್ ಉಳಿಯುತ್ತದೆ. 20 ಕೊಡುವುದರ ಬದಲು 25 ಕೊಡುವುದನ್ನು ಕೊಂಡರೆ ಉಳಿಯುವುದು 100 ಲೀಟರ್ ಮಾತ್ರ. ಎರಡು ಕಿಲೋಮೀಟರಿನ ವ್ಯತ್ಯಾಸ ಐದು ಕಿಲೋಮೀಟರಿನ ವ್ಯತ್ಯಾಸಕ್ಕಿಂತ ಹೆಚ್ಚು ಉಳಿಸಿತು. ಹೆಚ್ಚು ಇಂಧನ ಬಳಸುವ ಕಾರಿನಲ್ಲಿ ಸಣ್ಣ ಸುಧಾರಣೆಯೂ ದೊಡ್ಡ ಉಳಿತಾಯ ತರುತ್ತದೆ. ಈಗಾಗಲೇ ಮಿತವ್ಯಯಿಯಾದ ಕಾರಿನಲ್ಲಿ ದೊಡ್ಡ ಅಂಕಿಯೂ ಅಷ್ಟಾಗಿ ಉಳಿಸುವುದಿಲ್ಲ. ಕಿಲೋಮೀಟರುಗಳನ್ನು ಹೋಲಿಸುವ ಬದಲು ವರ್ಷಕ್ಕೆ ತಗಲುವ ಲೀಟರುಗಳನ್ನು ಹೋಲಿಸುವುದು ಸರಿಯಾದ ಕ್ರಮ.

ಡೀಸೆಲ್ ನಂತರದ ಆಯ್ಕೆಗಳು

ಎಂಜಿನ್ ಜೊತೆಗೆ ವಿದ್ಯುತ್ ಮೋಟಾರನ್ನೂ ಬಳಸುವ ಹೈಬ್ರಿಡ್ ಮಾದರಿ 2022ರ ಮೇ ತಿಂಗಳಲ್ಲಿ ಸಿಟಿಯಲ್ಲಿ ಬಂದಿತು. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಇದು ಬ್ಯಾಟರಿಯಲ್ಲಿ ಸಂಗ್ರಹಿಸುತ್ತದೆ. ಹೀಗಾಗಿ ನಿಂತು ನಿಂತು ಸಾಗುವ ನಗರ ಸಂಚಾರದಲ್ಲಿಯೇ ಇದರ ಪ್ರಯೋಜನ ಹೆಚ್ಚು. ಆದರೆ ಇಲ್ಲಿಯೂ ಅದೇ ಗಣಿತ ಅನ್ವಯಿಸುತ್ತದೆ. ಪೆಟ್ರೋಲ್ ಕಾರು 15, ಹೈಬ್ರಿಡ್ 22 ಕಿಲೋಮೀಟರ್ ಓಡಿ, ಬೆಲೆಯ ವ್ಯತ್ಯಾಸ ನಾಲ್ಕು ಲಕ್ಷವೆಂದುಕೊಂಡರೆ, ವರ್ಷಕ್ಕೆ 10,000 ಕಿಲೋಮೀಟರ್ ಓಡಿಸುವವರಿಗೆ ಹಣ ಮರಳಲು ಸುಮಾರು ಇಪ್ಪತ್ತು ವರ್ಷ ಹಿಡಿಯುತ್ತದೆ. 25,000 ಕಿಲೋಮೀಟರ್ ಓಡಿಸುವವರಿಗೆ ಎಂಟು ವರ್ಷ ಸಾಕು.

ಸಿಎನ್‌ಜಿ ಎಂಬ ಒತ್ತಿಟ್ಟ ನೈಸರ್ಗಿಕ ಅನಿಲದ ಅನುಕೂಲ ನಾಲ್ಕು ಮೀಟರಿನೊಳಗಿನ ಹಲವು ಸೆಡಾನ್‌ಗಳಲ್ಲಿದೆ. ಅನಿಲ ವಿತರಣಾ ಜಾಲ ವಿಸ್ತಾರವಾಗಿರುವ ದೆಹಲಿ, ಮುಂಬಯಿ, ಪುಣೆಗಳಲ್ಲಿ ಇದಕ್ಕೆ ಬೇಡಿಕೆ ಇದೆ. ಆದರೆ ಸಿಲಿಂಡರು ಡಿಕ್ಕಿಯ ಜಾಗವನ್ನು ಆಕ್ರಮಿಸುತ್ತದೆ. ರಜೆಗೆ ಊರಿಗೆ ಹೊರಡುವ ಕುಟುಂಬ ಇದನ್ನು ಮೊದಲೇ ಯೋಚಿಸಬೇಕು.

ಪೆಟ್ರೋಲ್ ಕೂಡ ಬದಲಾಗಿದೆ. 2025ರಲ್ಲಿ ದೇಶವು ಪೆಟ್ರೋಲ್‌ನಲ್ಲಿ ಶೇಕಡಾ 20 ಎಥನಾಲ್ ಬೆರೆಸುವ ಗುರಿಯನ್ನು ತಲುಪಿತು. ಕಬ್ಬು, ಧಾನ್ಯಗಳಿಂದ ಪಡೆಯುವ ಎಥನಾಲ್ ತೈಲ ಆಮದನ್ನು ತಗ್ಗಿಸುತ್ತದೆ. ಆದರೆ ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲ್‌ನದರ ಮೂರನೆಯ ಎರಡು ಪಾಲಿನಷ್ಟೇ ಆದ್ದರಿಂದ ಮೈಲೇಜು ಕೊಂಚ ಇಳಿಯುವುದು ಸ್ವಾಭಾವಿಕ.

ಗ್ರಾಹಕರು ಗಮನಿಸಬೇಕಾದ ಅಂಶಗಳು

1. ಮೊದಲು ಕುಟುಂಬದ ವಾರ್ಷಿಕ ಓಡಾಟವನ್ನು ಬರೆದು ಕೂಡಬೇಕು. ಪುಣೆಯಲ್ಲಿ ದಿನಕ್ಕೆ 20 ಕಿಲೋಮೀಟರಿನಂತೆ 280 ದಿನ ಕಚೇರಿಗೆ ಹೋಗಿ, ವರ್ಷಕ್ಕೆ ನಾಲ್ಕು ಬಾರಿ ಸುಮಾರು 340 ಕಿಲೋಮೀಟರ್ ದೂರದ ಬೆಳಗಾವಿಗೆ ಹೋಗಿಬರುವ ಕುಟುಂಬದ ಓಡಾಟ 8,320 ಕಿಲೋಮೀಟರ್ ಆಗುತ್ತದೆ. ಮುಂಬಯಿಯಲ್ಲಿ ಲೋಕಲ್ ರೈಲಿನಲ್ಲಿ ಕೆಲಸಕ್ಕೆ ಹೋಗಿ ಭಾನುವಾರ ಮಾತ್ರ ಕಾರು ತೆಗೆಯುವವರ ಲೆಕ್ಕ ಇದರ ಅರ್ಧವನ್ನೂ ಮುಟ್ಟಲಾರದು.

2. ಪೆಟ್ರೋಲ್ ಮತ್ತು ಡೀಸೆಲ್ ಸರಕು ಮತ್ತು ಸೇವಾ ತೆರಿಗೆಯ ವ್ಯಾಪ್ತಿಯಲ್ಲಿಲ್ಲ. ಕೇಂದ್ರದ ಅಬಕಾರಿ ಸುಂಕದ ಮೇಲೆ ರಾಜ್ಯಗಳು ಪ್ರತ್ಯೇಕ ತೆರಿಗೆ ವಿಧಿಸುವುದರಿಂದ ದರ ಊರಿಂದೂರಿಗೆ ಬೇರೆ. ತಮ್ಮ ಊರಿನ ದರವನ್ನೇ ಲೆಕ್ಕಕ್ಕೆ ಹಿಡಿಯಬೇಕು.

3. ಇಂದಿನ ದರ ಮುಂದಿನ ಹತ್ತು ವರ್ಷವೂ ಇರುವುದೆಂದು ಭಾವಿಸಕೂಡದು. ಅಂತರ ಅರ್ಧಕ್ಕೆ ಇಳಿದರೂ ಆಯ್ಕೆ ಸರಿಯೆನಿಸುವುದೇ ಎಂದು ಒಮ್ಮೆ ಪರೀಕ್ಷಿಸಬೇಕು.

4. ವಿಮೆ, ದುರಸ್ತಿ, ಸಾಲದ ಬಡ್ಡಿ ಮತ್ತು ಮರುಮಾರಾಟದ ಬೆಲೆಯನ್ನೂ ಸೇರಿಸಿ ನೋಡಬೇಕು.

5. ಕಾರು ಯಾವುದೇ ಆಗಿರಲಿ, ಟಯರುಗಳಲ್ಲಿ ಗಾಳಿ ಸರಿಯಾಗಿರಬೇಕು. ದೀರ್ಘ ನಿಲುಗಡೆಯಲ್ಲಿ ಎಂಜಿನ್ ಆರಿಸಬೇಕು. ಗಂಟೆಗೆ 45ರಿಂದ 55 ಕಿಲೋಮೀಟರ್ ವೇಗ ಮಿತವ್ಯಯಕರವೆಂದು ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ಸಲಹೆ ನೀಡುತ್ತದೆ. ಈ ಉಳಿತಾಯಕ್ಕೆ ಹೊಸ ಕಾರಿನ ಬೆಲೆ ತೆರಬೇಕಾಗಿಲ್ಲ.

ಉಪಸಂಹಾರ

ಭಾರತ ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕೂ ಹೆಚ್ಚು ಭಾಗವನ್ನು ಆಮದು ಮಾಡಿಕೊಳ್ಳುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ವಾಯುಮಂಡಲವನ್ನು ಸೇರುತ್ತದೆ. ಆದ್ದರಿಂದ ಕುಟುಂಬವೊಂದು ಉಳಿಸುವ ಪ್ರತಿ ಲೀಟರ್ ಮನೆಗೂ ದೇಶಕ್ಕೂ ಹಿತಕರ. 2012ರಲ್ಲಿ ಹೆಚ್ಚು ಓಡಾಟವಿದ್ದು ಡೀಸೆಲ್ ಕಾರು ಕೊಂಡವರು ಲಾಭ ಪಡೆದರು. ನೆರೆಯವರನ್ನು ನೋಡಿ ಕೊಂಡು ಕಾರನ್ನು ಅಪರೂಪಕ್ಕೆ ಓಡಿಸಿದವರು ತೆತ್ತ ಹೆಚ್ಚಿನ ಹಣವನ್ನು ಮರಳಿ ಕಾಣಲಿಲ್ಲ. ಕಾರೂ ಒಂದೇ, ದರವೂ ಒಂದೇ. ಬೇರೆಯಾಗಿದ್ದುದು ಓಡಾಟ ಮಾತ್ರ. ದರಫಲಕವನ್ನು ಬದಲಿಸುವುದು ಗ್ರಾಹಕನ ಕೈಯಲ್ಲಿಲ್ಲ. ತನ್ನ ಓಡಾಟವನ್ನು ಅರಿತು ಒಂದು ಹಾಳೆಯ ಮೇಲೆ ಲೆಕ್ಕ ಹಾಕಿ ನೋಡುವುದು ಮಾತ್ರ ಅವನ ಕೈಯಲ್ಲಿಯೇ ಇದೆ.