ಗಡಿನಾಡಿನ ತರಗತಿಯಲ್ಲಿ ಅಕ್ಕರೆ ಮತ್ತು ಲೋಕದೃಷ್ಟಿ

ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಯ ಮಗುವಿಗೆ ಬಹುಭಾಷೆ ಪಠ್ಯದ ವಿಷಯವಲ್ಲ, ದಿನನಿತ್ಯದ ಬದುಕು. ಕಾಸರಗೋಡಿನ ಬಾಲಕನೊಬ್ಬ ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ, ತರಗತಿಯಲ್ಲಿ ಕನ್ನಡವನ್ನೂ, ಪೇಟೆಯಲ್ಲಿ ಮಲಯಾಳವನ್ನೂ ಆಡುತ್ತಾನೆ. ಜತ್ತಿನ ಬಾಲಕಿ ಮನೆಯ ಕನ್ನಡದಿಂದ ಸಂತೆಯ ಮರಾಠಿಗೆ ಸಲೀಸಾಗಿ ದಾಟುತ್ತಾಳೆ. ಆದರೆ ಹನ್ನೊಂದರಿಂದ ಹದಿನಾಲ್ಕರ ವಯಸ್ಸಿನಲ್ಲಿ ಮಕ್ಕಳು ಗುಂಪು ಕಟ್ಟುತ್ತಾರೆ. ಉಚ್ಚಾರಣೆಯನ್ನು ಅಣಕಿಸುತ್ತಾರೆ, ಅಡ್ಡಹೆಸರು ಇಡುತ್ತಾರೆ. ಪೇಟೆಯಲ್ಲಿ ತನ್ನ ಭಾಷೆಗಾಗಿ ನಗೆಪಾಟಲಾದ ಮಗುವೇ ಮರುದಿನ ತರಗತಿಯಲ್ಲಿ ಇನ್ನೊಂದು ಮಗುವನ್ನು ನೋಡಿ ನಗಬಹುದು. ಈ ಸರಪಣಿಯನ್ನು ತುಂಡರಿಸುವ ಹೊಣೆ ಶಿಕ್ಷಕರದು.

ಆಧಾರ

ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆನ್ನುತ್ತದೆ. ವಿಶ್ವಸಂಸ್ಥೆಯು 1989ರಲ್ಲಿ ಅಂಗೀಕರಿಸಿದ, ಭಾರತವು 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 29ನೆಯ ವಿಧಿಯು ಮಗುವಿನ ಸ್ವಂತ ಭಾಷೆ, ಸಂಸ್ಕೃತಿಗಳ ಗೌರವವನ್ನೂ ಅನ್ಯ ನಾಗರಿಕತೆಗಳ ಗೌರವವನ್ನೂ ಶಿಕ್ಷಣದ ಗುರಿಗಳಾಗಿ ಒಟ್ಟಿಗೇ ಹೇಳುತ್ತದೆ. ಇವೆರಡರ ನಡುವೆ ವಿರೋಧವಿಲ್ಲ. ತನ್ನ ನುಡಿಗೆ ಮನ್ನಣೆ ಕೇಳುವ ಶಾಲೆಯು ಇತರರ ನುಡಿಗೂ ಮನ್ನಣೆ ಕೊಡುವುದು ನ್ಯಾಯ.

ಆದ್ದರಿಂದ ಕನ್ನಡವನ್ನು ಉಳಿಸುವ ಹೆಸರಿನಲ್ಲಿ ಅನ್ಯಭಾಷೆಯಾಡಿದ ಮಗುವಿಗೆ ದಂಡ ವಿಧಿಸುವುದು ಸಲ್ಲದು. ಮನೆಮಾತಿನ ಬಗ್ಗೆ ನಾಚಿಕೆಪಡಲು ಶಾಲೆಯಲ್ಲಿ ಕಲಿತ ಮಗು, ಮುಂದೆ ಪೇಟೆಯಲ್ಲಿ ಕನ್ನಡದ ಬಗ್ಗೆಯೂ ನಾಚಿಕೆಪಡಲು ತಡಮಾಡದು.

ಚಟುವಟಿಕೆ 1: ಹೊಸಬರ ಜೊತೆಗಾರರು

ವರ್ಷದ ನಡುವೆ ಮಕ್ಕಳು ಬಂದು ಸೇರುವುದುಂಟು: ಕೊಲ್ಲಿ ರಾಷ್ಟ್ರದಿಂದ ಮರಳಿದ ಕುಟುಂಬದವರು, ದುಡಿಮೆಗಾಗಿ ವಲಸೆ ಬಂದವರ ಮಕ್ಕಳು. ಇಂತಹ ಪ್ರತಿಯೊಬ್ಬರಿಗೂ ಮೊದಲ ನಾಲ್ಕು ವಾರ ಇಬ್ಬರು ಜೊತೆಗಾರರನ್ನು ನೇಮಿಸಬೇಕು. ಒಬ್ಬರಾದರೆ ಆ ಮಗು ಗೈರುಹಾಜರಾದ ದಿನ ಹೊಸಬರು ಒಂಟಿಯಾಗುತ್ತಾರೆ. ಜೊತೆಗಾರರ ಕೆಲಸ ಸ್ಪಷ್ಟವಾಗಿರಲಿ: ಬಿಸಿಯೂಟಕ್ಕೆ ಜೊತೆಯಲ್ಲಿ ಕೂರುವುದು, ಆಟಕ್ಕೆ ಕರೆಯುವುದು, ದಿನಕ್ಕೆ ಐದು ಕನ್ನಡ ಪದಗಳನ್ನು ಕಲಿಸಿ ಐದು ಪದಗಳನ್ನು ಅವರಿಂದ ಕಲಿಯುವುದು. ಕೊನೆಯ ಅಂಶವನ್ನು ಬಿಡಬಾರದು. ಕೊಡಲು ಏನಾದರೂ ಇದ್ದಾಗ ಮಾತ್ರ ಹೊಸಬರಿಗೆ ಸರಿಸಮಾನತೆಯ ಅನುಭವವಾಗುತ್ತದೆ.

ಚಟುವಟಿಕೆ 2: ಊರಿನ ಬೆಳೆ, ಲೋಕದ ಭೂಪಟ

ಗೋಡೆಯ ಮೇಲೆ ವಿಶ್ವಭೂಪಟವನ್ನು ತೂಗುಹಾಕಿ, ಊರಿನ ಬೆಳೆಗಳ ಮೂಲವನ್ನು ಮಕ್ಕಳು ನೂಲಿನಿಂದ ಜೋಡಿಸಲಿ. ಕಾಸರಗೋಡಿನ ಗೇರು ಬ್ರೆಜಿಲಿನಿಂದ ಪೋರ್ಚುಗೀಸರ ಮೂಲಕ ಬಂದುದು. ವಯನಾಡಿನ ಕಾಫಿಯ ಮೂಲ ಇಥಿಯೋಪಿಯ. ಮಡಕಶಿರಾ, ರಾಯದುರ್ಗಗಳ ನೆಲಗಡಲೆಯದು ದಕ್ಷಿಣ ಅಮೆರಿಕ. ಸೊಲ್ಲಾಪುರದ ಜೋಳವೂ ಹೊಸೂರಿನ ರಾಗಿಯೂ ಪ್ರಾಚೀನ ಕಾಲದಲ್ಲಿ ಆಫ್ರಿಕದಿಂದ ಬಂದವು. ಮುಂದಿನ ವಾರ ಪದಗಳ ಸರದಿ: ‘ಚಾವಿ’ ಪೋರ್ಚುಗೀಸಿನಿಂದ, ‘ಅರ್ಜಿ’, ‘ವಕೀಲ’ ಅರಬ್ಬಿಯಿಂದ, ‘ಕಾರ್ಖಾನೆ’ ಪಾರಸಿಯಿಂದ ಬಂದವು. ಬಂಧುಗಳು ದುಡಿಯುವ ದೇಶಗಳನ್ನೂ ಭೂಪಟದಲ್ಲಿ ಗುರುತಿಸಬಹುದು. ಆದರೆ ವಿದೇಶದಲ್ಲಿ ಯಾರೂ ಇಲ್ಲದ ಮಗು ಕುಗ್ಗದಂತೆ ಬೆಳೆಗಳಿಂದಲೇ ಆರಂಭಿಸುವುದು ಲೇಸು. ರೊಟ್ಟಿ, ಮುದ್ದೆ ಎಲ್ಲರ ಮನೆಯಲ್ಲಿಯೂ ಉಂಟು.

ಚಟುವಟಿಕೆ 3: ಸೊಲ್ಲಾಪುರದ ವೈದ್ಯ

ದ್ವಾರಕಾನಾಥ ಕೋಟಣೀಸರು 1910ರಲ್ಲಿ ಸೊಲ್ಲಾಪುರದಲ್ಲಿ ಜನಿಸಿದರು. ಜಪಾನಿನ ಆಕ್ರಮಣಕ್ಕೆ ಗುರಿಯಾಗಿದ್ದ ಚೀನಕ್ಕೆ 1938ರಲ್ಲಿ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸು ಕಳುಹಿಸಿದ ಐವರು ವೈದ್ಯರಲ್ಲಿ ಅವರೊಬ್ಬರು. ಇತರರು ಮರಳಿದ ಮೇಲೂ ಅವರು ಅಲ್ಲಿಯೇ ಉಳಿದರು. ಚೀನೀ ಭಾಷೆಯನ್ನು ಕಲಿತರು. ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಹೊಣೆ ಹೊತ್ತರು. 1942ರ ಡಿಸೆಂಬರಿನಲ್ಲಿ, 32ನೆಯ ವಯಸ್ಸಿನಲ್ಲಿ, ಅಲ್ಲಿಯೇ ಮಡಿದರು.

ಈ ಕಥನವನ್ನು ಕೇವಲ ವೀರಗಾಥೆಯಾಗಿ ಮುಗಿಸಿದರೆ ಮಕ್ಕಳು ಮೆಚ್ಚಿ ಮರೆಯುತ್ತಾರೆ. ಆದ್ದರಿಂದ ಚರ್ಚೆಯನ್ನು ತರಗತಿಗೆ ಇಳಿಸಬೇಕು. ರೋಗಿಯ ಭಾಷೆಯನ್ನು ವೈದ್ಯರು ಕಲಿತದ್ದೇಕೆ? ದುಭಾಷಿಯಿದ್ದರೆ ಸಾಲದೇ? ನಮ್ಮ ತರಗತಿಯಲ್ಲಿ ತನ್ನ ನೋವನ್ನು ತನ್ನ ಭಾಷೆಯಲ್ಲಿ ಹೇಳಿಕೊಳ್ಳಲಾಗದವರು ಯಾರಾದರೂ ಇರಬಹುದೇ? ಕೊನೆಯ ಪ್ರಶ್ನೆಗೆ ಬಾಯಿಮಾತಿನ ಉತ್ತರವನ್ನು ಒತ್ತಾಯಿಸದೆ, ಹೆಸರಿಲ್ಲದ ಚೀಟಿಯಲ್ಲಿ ಬರೆಯಿಸುವುದು ಸೂಕ್ತ. ಚೀಟಿಗಳನ್ನು ಶಿಕ್ಷಕರು ಮಾತ್ರ ಓದತಕ್ಕದ್ದು.

ಏಳು ಭಾಷೆಗಳ ಸಂಗಮಭೂಮಿಯೆನಿಸಿದ ಕಾಸರಗೋಡಿನ ಶಿಕ್ಷಕರು ಇದರೊಂದಿಗೆ ಮಂಜೇಶ್ವರದ ಗೋವಿಂದ ಪೈಗಳನ್ನು ನೆನಪಿಸಬಹುದು. ಹಲವು ಭಾಷೆಗಳನ್ನು ಬಲ್ಲ ಆ ಕವಿ ‘ಗೊಲ್ಗೊಥಾ’ದಲ್ಲಿ ಯೇಸುವಿನ, ‘ವೈಶಾಖಿ’ಯಲ್ಲಿ ಬುದ್ಧನ ಅಂತಿಮ ಘಳಿಗೆಗಳನ್ನು ಕನ್ನಡಕ್ಕೆ ತಂದರು.

ಮೌಲ್ಯಮಾಪನ

ಅಕ್ಕರೆಗೆ ಅಂಕ ಕೊಡಲಾಗದು. ಶಿಕ್ಷಕರು ತಿಂಗಳಿಗೊಮ್ಮೆ ಗಮನಿಸಬೇಕಾದ ಅಂಶಗಳು ಇವು: ಬಿಸಿಯೂಟದಲ್ಲಿ ಒಂಟಿಯಾಗಿ ಕೂರುವವರು ಯಾರು? ಅಡ್ಡಹೆಸರುಗಳು ಕಡಿಮೆಯಾಗಿವೆಯೇ? ಹೊಸ ಮಗು ತಾನಾಗಿ ಪ್ರಶ್ನೆ ಕೇಳಿದೆಯೇ? ಅಡುಗೆಯವರೊಡನೆ, ಅನ್ಯಭಾಷೆಯ ಪೋಷಕರೊಡನೆ ಶಿಕ್ಷಕರು ಯಾವ ಧ್ವನಿಯಲ್ಲಿ ಮಾತನಾಡಿದರು? ಈ ಕೊನೆಯ ಅಂಶವನ್ನು ಮಕ್ಕಳು ಪಾಠಕ್ಕಿಂತ ಸೂಕ್ಷ್ಮವಾಗಿ ಗಮನಿಸುತ್ತಾರೆ. ಒಂದು ತಿಂಗಳಲ್ಲಿ ಬದಲಾವಣೆ ಕಾಣದಿದ್ದರೆ ಚಟುವಟಿಕೆಯನ್ನು ಕೈಬಿಡದೆ, ಜೊತೆಗಾರರನ್ನು ಬದಲಿಸಿ ಮುಂದುವರಿಸಬೇಕು.